ಗುಡ್ಡದಾಚೆಗೆ ಮೂವತ್ತೈದು ನಿಮಿಷ

ನಮ್ಮದು ವಿಮಾನ ನಿಲ್ದಾಣ ಎಂದ ಕೂಡಲೇ ದೊಡ್ಡದೇನನ್ನೋ ಊಹಿಸಿಕೊಳ್ಳಬೇಡಿ. ಒಂದು ಹಜಾರ, ಅದರಲ್ಲಿ ಮೂರು ಸಾಲು ಕಬ್ಬಿಣದ ಕುರ್ಚಿ, ಒಂದು ಕೌಂಟರು, ತೂಕದ ಯಂತ್ರ, ಗಾಜಿನ ಬಾಗಿಲು, ಬಾಗಿಲಾಚೆ ಒಂದೇ ಒಂದು ರನ್‌ವೇ. ಹಜಾರದ ಮೂಲೆಯಲ್ಲಿ ನನ್ನ ಕ್ಯಾಂಟೀನು. ಟೀ, ಕಾಫಿ, ಬನ್ನು, ಬೇಯಿಸಿದ ಮೊಟ್ಟೆ ಬಿಟ್ಟರೆ ಬೇರೇನೂ ಸಿಗುವುದಿಲ್ಲ. ಇಲ್ಲಿಂದ ವಿಮಾನ ಹೋಗುವುದು ಒಂದೇ ಕಡೆಗೆ, ಗುಡ್ಡದಾಚೆಯ ಊರಿಗೆ. ಅಲ್ಲಿಯದು ನಮ್ಮದಕ್ಕಿಂತಲೂ ಚಿಕ್ಕ ನಿಲ್ದಾಣವಂತೆ. ಅದನ್ನು ಕೇಳಿ ನಮಗೆಲ್ಲ ಒಳಗೊಳಗೇ ಸಮಾಧಾನ. ಹತ್ತೊಂಬತ್ತು ಸೀಟಿನ ವಿಮಾನ ರಾತ್ರಿ ನಮ್ಮಲ್ಲಿ ನಿಂತಿರುತ್ತದೆ, ಬೆಳಿಗ್ಗೆ ಹೋಗಿ ಮಧ್ಯಾಹ್ನದೊಳಗೆ ವಾಪಸು ಬರುತ್ತದೆ. ಅಷ್ಟೇ ನಮ್ಮ ದಿನದ ದುಡಿಮೆ.

ಇಲ್ಲಿ ಮೈಕು ಹಿಡಿದು ಕೂಗುವವನು ಮೈಕಣ್ಣ. ಕೂಗುವುದಷ್ಟೇ ಅವನ ಕೆಲಸವಲ್ಲ. ಟಿಕೆಟ್ ನೋಡುವವನು ಅವನೇ, ಸೂಟ್‌ಕೇಸ್ ತೂಗುವವನು ಅವನೇ, ವಿಮಾನ ಚಿಕ್ಕದಾದ್ದರಿಂದ ಜನರನ್ನೂ ಅದೇ ಯಂತ್ರದ ಮೇಲೆ ನಿಲ್ಲಿಸಿ ತೂಗುವವನೂ ಅವನೇ. ದಪ್ಪಗಿರುವ ಹೆಂಗಸರ ತೂಕವನ್ನು ಜೋರಾಗಿ ಹೇಳದೆ ಬಾಯೊಳಗೇ ಗುಣುಗಿಕೊಂಡು ಬರೆದುಕೊಳ್ಳುತ್ತಾನೆ, ಆ ಮಟ್ಟಿಗೆ ಮರ್ಯಾದಸ್ಥ. ಆಳು ಸಣಕಲು. ಗಂಟಲು ಮಾತ್ರ ಬೇರೆ ಯಾರಿಗೋ ಮಾಡಿಟ್ಟಿದ್ದನ್ನು ತಪ್ಪಿ ಇವನಿಗೆ ಕೊಟ್ಟುಬಿಟ್ಟಂತಿದೆ. "ಪ್ರಯಾಣಿಕರ ಗಮನಕ್ಕೆ" ಎಂದು ಶುರು ಮಾಡಿದನೆಂದರೆ ಅಳುವ ಕೂಸೂ ಸುಮ್ಮನಾಗಿ ತಿರುಗಿ ನೋಡುತ್ತದೆ.

ಆಚೆ ಊರು ಎಷ್ಟು ದೂರ ಎಂದು ಯಾರಾದರೂ ಕೇಳಿದರೆ ಮೈಕಣ್ಣ ಕಿಲೋಮೀಟರಿನಲ್ಲಿ ಹೇಳಿದ್ದನ್ನು ನಾನು ಕೇಳಿಲ್ಲ. "ಮೂವತ್ತೈದು ನಿಮಿಷ" ಎನ್ನುತ್ತಿದ್ದ. ನಿಲ್ದಾಣದಲ್ಲಿ ಎಲ್ಲರಿಗೂ ಅದೇ ಚಾಳಿ ಅಂಟಿಕೊಂಡಿತ್ತು. ಕಸ ಗುಡಿಸುವವಳಿಂದ ಹಿಡಿದು ಮ್ಯಾನೇಜರ್ ತನಕ ಆ ಊರು ಪಕ್ಕದ ಬೀದಿಯಲ್ಲಿದೆ ಎಂಬಂತೆ ಮಾತಾಡುತ್ತಿದ್ದೆವು. ರಸ್ತೆಯ ಕಥೆ ಬೇರೆ. ವಿಮಾನ ನೆಟ್ಟಗೆ ಗುಡ್ಡ ದಾಟಿದರೆ, ರಸ್ತೆ ಗುಡ್ಡವನ್ನು ಸುತ್ತಿ, ಹತ್ತಿ, ಇಳಿದು, ಮತ್ತೆ ಹತ್ತಿ ಎರಡು ಪಟ್ಟಿಗಿಂತ ಹೆಚ್ಚಾಗುತ್ತದೆ. ದಿನಕ್ಕೆ ಒಂದೇ ಬಸ್ಸು. ಬೆಳಿಗ್ಗೆ ಹತ್ತಿದವರು ದೀಪ ಹಚ್ಚುವ ಹೊತ್ತಿಗೆ ಇಳಿಯುತ್ತಾರೆ, ಅದೂ ಹೊಟ್ಟೆಯಲ್ಲಿದ್ದುದನ್ನೆಲ್ಲ ದಾರಿಯಲ್ಲಿ ಕಕ್ಕಿ.

ಗುಡ್ಡದಾಚೆಯ ಊರಿನಲ್ಲಿ ಮೈಕಣ್ಣನ ಅಕ್ಕ ಇದ್ದಳು. ಅಕ್ಕ ಎಂದರೆ ಬರೀ ಅಕ್ಕ ಅಲ್ಲ, ಅವನನ್ನು ಸಾಕಿದವಳು. ತಾಯಿ ಮೊದಲೇ ಇರಲಿಲ್ಲ, ತಂದೆ ತೀರಿಕೊಂಡಾಗ ಇವನು ಇನ್ನೂ ಚಡ್ಡಿ ಹುಡುಗ, ಅವಳಿಗೆ ಹದಿನೆಂಟು. ಇವನು ಶಾಲೆಗೆ ಹೋಗಿದ್ದ ಒಂದು ದಿನ ಚಿಕ್ಕಪ್ಪ ಬಂದು, ಮನೆಯ ತೆರಿಗೆಯ ಕಾಗದ ಎಂದು ಹೇಳಿ ಅವಳಿಂದ ಸಹಿ ಹಾಕಿಸಿಕೊಂಡು ಹೋದ. ತೆರಿಗೆಯೂ ಅಲ್ಲ, ಗಿರಿಗೆಯೂ ಅಲ್ಲ. ತಿಂಗಳೊಳಗೆ ಪಾತ್ರೆಪಗಡಗಳ ಜೊತೆ ಇಬ್ಬರೂ ಬೀದಿಯಲ್ಲಿ ನಿಂತಿದ್ದರು. ಅವತ್ತು ಅವಳು ತಮ್ಮನಿಗೆ ಹೇಳಿದಳಂತೆ: "ಇನ್ಮೇಲೆ ನೀನು ಪಕ್ಕದಲ್ಲಿ ಕೂತಿಲ್ದೆ ನಾನು ಯಾವ ಕಾಗದಕ್ಕೂ ಸಹಿ ಹಾಕಲ್ಲ. ನೀನೂ ಹಾಕಬೇಡ."

ಹತ್ತು ವರ್ಷದ ಪೋರ ಪಕ್ಕದಲ್ಲಿ ಕೂತು ಏನು ಕಡಿದು ಕಟ್ಟೆ ಹಾಕುತ್ತಿದ್ದನೋ, ಅದು ಬೇರೆ ಮಾತು. ಆದರೆ ಇಬ್ಬರೂ ಆ ಮಾತನ್ನು ಬಿಡಲಿಲ್ಲ. ಅವಳ ಮದುವೆಯ ಮಾತುಕತೆಗೆ ಇವನು ಪಕ್ಕದಲ್ಲಿ ಕೂತ. ಗುಡ್ಡದಾಚೆ ಹೊಲಿಗೆ ಅಂಗಡಿಗೆ ಜಾಗ ಹಿಡಿದಾಗ ಕೂತ. ಗಂಡ ಸತ್ತ ಮೇಲೆ ಅಂಗಡಿಯನ್ನು ಅವಳ ಹೆಸರಿಗೆ ಮಾಡಿಸುವಾಗಲೂ ಕೂತ. ಇವನಿಗೆ ನಿಲ್ದಾಣದಲ್ಲಿ ಕೆಲಸ ಸಿಕ್ಕಾಗ ಅವಳು ಇಡೀ ದಿನ ಬಸ್ಸಿನಲ್ಲಿ ಬಂದು, ಕಚೇರಿಯ ಮೆಟ್ಟಿಲ ಮೇಲೆ ಕೂತು, ಒಳಗೆ ಬಿಡುವುದಿಲ್ಲ ಎಂದ ಜವಾನನಿಗೆ ಸರಿಯಾಗಿ ಉಗಿದು, ಒಳಗೆ ಬಂದು ತಮ್ಮನ ಪಕ್ಕದ ಕುರ್ಚಿಯಲ್ಲಿ ಕೂತಳಂತೆ. ಆಮೇಲೆ ಸಹಿ. ಇದನ್ನು ಹೇಳುವಾಗ ಮೈಕಣ್ಣ ನಗುತ್ತಿದ್ದ. "ಮ್ಯಾನೇಜರ್ರು ನನ್ನ ಬಿಟ್ಟು ಅಕ್ಕಂಗೇ ಪ್ರಶ್ನೆ ಕೇಳೋಕೆ ಶುರು ಮಾಡಿದ್ರು ಕ್ಯಾಂಟೀನಮ್ಮ. ಅವಳು ಎಲ್ಲದಕ್ಕೂ ಉತ್ತರ ಕೊಟ್ಳು."

ಈ ಕೆಲಸಕ್ಕೆ ಸೇರುವ ಮೊದಲು ಅವನು ಲಾರಿ ಬುಕಿಂಗ್ ಆಫೀಸಿನಲ್ಲಿದ್ದ. ಆಗ ಎರಡು ತಿಂಗಳಿಗೊಮ್ಮೆ ತಪ್ಪದೆ ಬಸ್ಸು ಹತ್ತಿ ಅಕ್ಕನ ಮನೆಗೆ ಹೋಗುತ್ತಿದ್ದ. ತಿರುವುಗಳಲ್ಲಿ ವಾಂತಿಯಾಗುತ್ತದೆಂದು ಜೇಬಿನಲ್ಲಿ ಪ್ಲಾಸ್ಟಿಕ್ ಚೀಲ, ಬಾಯಲ್ಲಿ ಶುಂಠಿ. ನಿಲ್ದಾಣಕ್ಕೆ ಸೇರಿದ ಮೇಲೆ ನೌಕರರಿಗೆ ಖಾಲಿ ಸೀಟಿನಲ್ಲಿ ಪುಕ್ಕಟೆ ಹೋಗುವ ಪಾಸು ಸಿಕ್ಕಿತು. ಮೊದಲ ವರ್ಷ ಎರಡು ಸಲ ಹೋಗಿ ಬಂದ. ಆಮೇಲೆ ಒಂದು ಸಲ. ಆಮೇಲೆ ಇಲ್ಲ. ಮೂವತ್ತೈದು ನಿಮಿಷದ ಹಾದಿ, ಯಾವಾಗ ಬೇಕಾದರೂ ಹೋದರಾಯಿತು ಎಂದು ಪ್ರತಿ ತಿಂಗಳೂ ಹೇಳುತ್ತ ಹೇಳುತ್ತ ವರ್ಷಗಳೇ ಕಳೆದವು. ನನಗೆ ಇದು ಆಗಲೇ ತಲೆಗೆ ಹೋಗುತ್ತಿರಲಿಲ್ಲ. ವಾಂತಿ ಮಾಡಿಕೊಂಡು ಹೋಗುತ್ತಿದ್ದವನು, ಹಾದಿ ಸಲೀಸಾದ ಮೇಲೆ ಹೋಗುವುದನ್ನೇ ಬಿಟ್ಟ.

ಹಾಗೆಂದು ಅಕ್ಕನನ್ನು ಮರೆತಿದ್ದನೆಂದಲ್ಲ. ದಿನವೂ ಮಾತಾಡುತ್ತಿದ್ದರು. ವಿಮಾನ ಅವಳ ಅಂಗಡಿಯ ಮಾಡಿನ ಮೇಲೆ ಹಾದು ಇಳಿಯುತ್ತದಂತೆ. ಸದ್ದು ಕೇಳಿದೊಡನೆ ಹೊಲಿಗೆ ನಿಲ್ಲಿಸಿ ಫೋನು ಮಾಡುತ್ತಿದ್ದಳು: "ನಿನ್ನ ವಿಮಾನ ಬಂತು ಕಣೋ." ಮೈಕಣ್ಣ ಪೈಲಟ್ಟನ ಕೈಯಲ್ಲಿ ಅವಳಿಗೆ ಸಕ್ಕರೆ ಕಾಯಿಲೆಯ ಮಾತ್ರೆ, ನೂಲಿನ ಉಂಡೆ ಕಳಿಸುತ್ತಿದ್ದ, ಅವಳು ಅದೇ ವಿಮಾನದಲ್ಲಿ ತಮ್ಮನ ಯೂನಿಫಾರಂ ಅಂಗಿಗಳನ್ನು ಹೊಲಿದು ಕಳಿಸುತ್ತಿದ್ದಳು. ಅಂಗಿಗಳು ಹೋಗಿ ಬರುತ್ತಿದ್ದವು, ಪೈಲಟ್ಟುಗಳು ಹೋಗಿ ಬರುತ್ತಿದ್ದರು, ಊರವರೆಲ್ಲ ಹೋಗಿ ಬರುತ್ತಿದ್ದರು. ಇವನು ಮದುವೆ ಮಾಡಿಕೊಳ್ಳದೆ, ಬಸ್ ನಿಲ್ದಾಣದ ಹಿಂದಿನ ಒಂದು ಕೋಣೆಯಲ್ಲಿ, ಒಂದು ಮಂಚ, ಒಂದು ಸ್ಟವ್, ಗೋಡೆಗೆ ಹೊಡೆದ ಒಂದು ಕನ್ನಡಿಯ ಜೊತೆ ಇದ್ದುಬಿಟ್ಟಿದ್ದ.

ಇನ್ನು ನಮ್ಮ ಕಸುಬಿನ ಒಂದು ಗುಟ್ಟು ಹೇಳುತ್ತೇನೆ. ಚಳಿಗಾಲದಲ್ಲಿ ಗುಡ್ಡದ ಮೇಲೆ ಮಂಜು ಕೂತುಬಿಟ್ಟರೆ ವಿಮಾನ ಹಾರುವುದಿಲ್ಲ. ಆಗ "ಇವತ್ತು ವಿಮಾನ ಇಲ್ಲ" ಎಂದು ತಕ್ಷಣ ಹೇಳಬಾರದು ಎಂದು ಮೇಲಿನವರ ಅಪ್ಪಣೆ. ಹೇಳಿದರೆ ಜನ ಎದ್ದು ಬಸ್ಸಿಗೆ ಹೋಗುತ್ತಾರೆ, ಮಂಜು ಸರಿದರೆ ಖಾಲಿ ವಿಮಾನ ಹಾರಿಸಬೇಕಾಗುತ್ತದೆ. ಅದಕ್ಕೇ "ಇನ್ನೊಂದು ಗಂಟೆಯಲ್ಲಿ ಮಾಹಿತಿ ನೀಡಲಾಗುವುದು" ಎನ್ನಬೇಕು. ಒಂದು ಗಂಟೆಯಾದ ಮೇಲೆ ಇನ್ನೊಂದು ಗಂಟೆ. ಹೀಗೆ ಮಧ್ಯಾಹ್ನದ ತನಕ ಎಳೆಯುವುದು. ಮೈಕಣ್ಣ ಇದರಲ್ಲಿ ಪಳಗಿದ ಕೈ. ಆ ತುಂಬು ಗಂಟಲಲ್ಲಿ "ಇನ್ನೊಂದು ಗಂಟೆ" ಎಂದರೆ, ಎದ್ದು ನಿಂತವರು ಮತ್ತೆ ಕೂತುಬಿಡುತ್ತಿದ್ದರು. ನನ್ನ ಟೀ ವ್ಯಾಪಾರ ಅಂಥ ದಿನಗಳಲ್ಲೇ ಹೆಚ್ಚು, ಸುಳ್ಳೇಕೆ ಹೇಳಲಿ.

ಬಸ್ಸಿನ ಡ್ರೈವರಿಗೂ ಈ ಗುಟ್ಟು ಗೊತ್ತು. ಮಂಜು ಬಿದ್ದ ದಿನ ನಮ್ಮ ಗೇಟಿನೆದುರು ಬಸ್ಸು ನಿಲ್ಲಿಸಿ, ನನ್ನಲ್ಲಿ ಟೀ ಕುಡಿಯುವ ನೆಪದಲ್ಲಿ ಒಳಗೆ ಬಂದು, "ಏನು ಮೈಕಣ್ಣ, ಇವತ್ತು ಎಷ್ಟು ಗಂಟೆ ಕೂಗ್ತೀರಾ?" ಎಂದು ಎಲ್ಲರಿಗೂ ಕೇಳಿಸುವಂತೆ ಕೇಳುತ್ತಿದ್ದ. ನಾಲ್ಕಾರು ಜನ ಅವನ ಹಿಂದೆ ಹೋಗುತ್ತಿದ್ದರು. 

ಆ ಬೆಳಿಗ್ಗೆಯೂ ಮಂಜು. ರನ್‌ವೇಯ ತುದಿ ಇರಲಿ, ಬಾಗಿಲಾಚೆಯ ದೀಪದ ಕಂಬವೇ ಕಾಣುತ್ತಿರಲಿಲ್ಲ. ಮೈಕಣ್ಣ ನನ್ನ ಕೌಂಟರಿಗೆ ಒರಗಿ ಟೀ ಕುಡಿಯುತ್ತಿದ್ದಾಗ ಅವನಿಗೆ ಫೋನು ಬಂತು. ಅದು ಹಳೆಯ ಫೋನು, ಆ ಕಡೆಯವರು ಮಾತಾಡಿದ್ದು ಅರ್ಧ ಹಜಾರಕ್ಕೆ ಕೇಳಿಸುತ್ತದೆ. ದೂರದ ಊರಿನಲ್ಲಿರುವ ಅಕ್ಕನ ಮಗಳು ಪುಟ್ಟಿ, ತಾಯಿಯನ್ನು ನೋಡಲು ಬಂದವಳು, ಆಸ್ಪತ್ರೆಯಿಂದ ಮಾತಾಡುತ್ತಿದ್ದಳು.

"ಮಾವ, ಅಮ್ಮನ ಕಾಲಿನ ಎರಡು ಬೆರಳು ಕಪ್ಪಾಗಿಬಿಟ್ಟಿದೆ. ಇಷ್ಟು ದಿನ ಯಾರಿಗೂ ಹೇಳ್ದೆ ಬಟ್ಟೆ ಸುತ್ಕೊಂಡು ಮಷಿನ್ ತುಳೀತಿದ್ಳು. ಇವತ್ತೇ ಬೆರಳು ತೆಗೀಬೇಕಂತೆ. ತಡ ಆದ್ರೆ ಮೇಲಕ್ಕೆ ಹತ್ತುತ್ತೆ ಅಂತಿದಾರೆ ಡಾಕ್ಟ್ರು. ಇವಳು ಸಹಿ ಹಾಕಲ್ಲ ಅಂತ ಹಟ ಹಿಡಿದು ಕೂತಿದಾಳೆ. ನೀನು ಬರಬೇಕಂತೆ."

"ಫೋನ್ ಅವಳಿಗೆ ಕೊಡು."

ಅಕ್ಕನ ಸ್ವರ ಬಂತು. ಕಾಯಿಲೆಯವಳ ಸ್ವರ ಅಂತ ಅನ್ನಿಸಲೇ ಇಲ್ಲ ನನಗೆ.

"ಅಕ್ಕ, ಹಾಕಿಬಿಡೇ ಸಹಿ. ನಾನು ಹೇಳ್ತಿದೀನಲ್ಲ."

"ಫೋನಲ್ಲಿ ಬೇಡ. ನೀನು ಬಾ, ಪಕ್ಕದಲ್ಲಿ ಕೂತ್ಕೋ. ಡಾಕ್ಟ್ರು ಹೇಳೋದು ನೀನೂ ಕೇಳಿಸ್ಕೋ. ಆಮೇಲೆ ಹಾಕ್ತೀನಿ."

"ಸರಿ, ಮಧ್ಯಾಹ್ನ ಊಟದ ಹೊತ್ತಿಗೆ ಅಲ್ಲಿರ್ತೀನಿ. ಇನ್ನೊಂದು ಗಂಟೇಲಿ ಮಂಜು ಸರಿಯುತ್ತೆ, ಆಮೇಲೆ ಮೂವತ್ತೈದು ನಿಮಿಷ."

ಫೋನು ಇಟ್ಟು ಅವನು ಮ್ಯಾನೇಜರ್ ಹತ್ತಿರ ಹೋಗಿ ರಜೆ ಕೇಳಿ ಬಂದ. ಯಾವಾಗಲೂ ತನ್ನ ಸೈಕಲ್ಲಿಗೆ ನೇತುಹಾಕಿರುವ ಕೈಚೀಲಕ್ಕೆ ಒಂದು ಟವಲು ತುರುಕಿ ಕೌಂಟರಿನ ಹಿಂದಿಟ್ಟ. ಅಷ್ಟರಲ್ಲಿ ಗೇಟಿನಲ್ಲಿ ಬಸ್ಸಿನ ಹಾರನ್ನು ಕೇಳಿಸಿತು. ಡ್ರೈವರು ಒಳಗೆ ಬಂದಾಗ ವಿಷಯ ನಾನೇ ಹೇಳಿದೆ. ಎಂದಿನ ತಮಾಷೆಯನ್ನು ಅವನು ಬಿಟ್ಟ.

"ಬನ್ನಿ ಮೈಕಣ್ಣ. ಮುಂದಿನ ಸೀಟು ಕೊಡ್ತೀನಿ. ದೀಪ ಹಚ್ಚೋದ್ರೊಳಗೆ ಆಸ್ಪತ್ರೆ ಬಾಗಿಲಲ್ಲೇ ಇಳಿಸ್ತೀನಿ."

"ಅಲ್ಲಪ್ಪ, ಅಷ್ಟೊತ್ತು ಯಾರು ಕೂರ್ತಾರೆ? ನಾನು ಊಟಕ್ಕೇ ಅಲ್ಲಿರ್ತೀನಿ."

"ಹೋಗೋ ಮಾರಾಯ," ಎಂದೆ ನಾನು. "ಈ ಮಂಜಿನ ಮುಖ ನೋಡು. ಇದು ಸರಿಯೋ ಮಂಜಾ?"

"ಸರಿಯುತ್ತೆ ಕ್ಯಾಂಟೀನಮ್ಮ. ಟವರಿನವರು ಇನ್ನೊಂದು ಗಂಟೆ ಅಂದಿದಾರೆ."

ವಿಮಾನಕ್ಕೆ ದಾರಿ ಹೇಳುವ ಟವರಿನವರು ಹಾಗೆನ್ನುವುದು ದಿನವೂ ಇದ್ದದ್ದೇ. ಅದನ್ನು ಮೈಕಿನಲ್ಲಿ ಕೂಗಿ ಜನರನ್ನು ಕೂರಿಸುವವನು ಇವನೇ. ಊರಿನಲ್ಲಿ ಯಾರು ನಂಬಿದರೂ ಇವನು ನಂಬಬಾರದಿತ್ತು. ಆದರೆ ನಂಬಿದ. ಬಸ್ಸು ಹೊರಟುಹೋಯಿತು.

ಅವತ್ತು ಅವನು ರಜೆಯಲ್ಲಿದ್ದರೂ ಮೈಕನ್ನು ಬಿಡಲಿಲ್ಲ. ಗಂಟೆಗೊಮ್ಮೆ ಎದ್ದು ಹೋಗಿ "ಪ್ರಯಾಣಿಕರ ಗಮನಕ್ಕೆ" ಎನ್ನುವುದು, ಬಂದು ಗಾಜಿಗೆ ಮುಖ ಒತ್ತಿ ನೋಡುವುದು, ಅಕ್ಕನ ಮಗಳಿಗೆ ಫೋನು ಮಾಡಿ "ಇನ್ನೊಂದು ಗಂಟೆ ಅಂತೆ ಪುಟ್ಟಿ" ಎನ್ನುವುದು. ಗಾಜಿನ ಮೇಲೆ ಅವನ ಉಸಿರಿನ ಮಚ್ಚೆ ಮೂಡುತ್ತಿತ್ತು, ಅದನ್ನು ಅಂಗಿಯ ತೋಳಿನಿಂದ ಒರೆಸಿ ಮತ್ತೆ ನೋಡುತ್ತಿದ್ದ. ಊಟದ ಹೊತ್ತು ಕಳೆಯಿತು. ನಾನು ಕೊಟ್ಟ ಬನ್ನು ತಟ್ಟೆಯಲ್ಲೇ ಒಣಗಿತು. ಕೊನೆಗೆ ವಿಮಾನ ರದ್ದು ಎಂದು ಅವನೇ ಕೂಗಬೇಕಾಯಿತು. ಟ್ಯಾಕ್ಸಿ ಹಿಡಿಯೋಣವೆಂದರೆ ಮಂಜಿನಲ್ಲಿ, ಕತ್ತಲೆಗೆ ಸಿಕ್ಕಿಕೊಂಡು ಆ ತಿರುವು ಹತ್ತುವುದಕ್ಕೆ ಯಾವ ಡ್ರೈವರೂ ಒಪ್ಪಲಿಲ್ಲ.

ಆಚೆ ಊರಿನ ಆಸ್ಪತ್ರೆಯಲ್ಲಿ ಡಾಕ್ಟರು ಅಂದು ಎರಡು ಸಲ ಬಂದು ಹೇಳಿದರಂತೆ. ಅಕ್ಕ ಎರಡು ಸಲವೂ ಒಂದೇ ಉತ್ತರ ಕೊಟ್ಟಳಂತೆ. "ನನ್ನ ತಮ್ಮ ದೂರ ಏನಿಲ್ಲ ಸಾರ್. ಇಲ್ಲೇ ಗುಡ್ಡದಾಚೆ. ಹೊರಟ್ರೆ ಬಂದ."

ಮರುದಿನ ಮಂಜು ತೆಳ್ಳಗಿತ್ತು. ಸೂರ್ಯ ತಟ್ಟೆಯ ಹಾಗೆ ಬೆಳ್ಳಗೆ ಕಾಣುತ್ತಿದ್ದ. ಪೈಲಟ್ಟು ನನ್ನಲ್ಲಿ ಕಾಫಿ ಕುಡಿಯುತ್ತ, "ಇವತ್ತು ಗ್ಯಾರಂಟಿ" ಎಂದ. ಮೈಕಣ್ಣ ಯೂನಿಫಾರಂ ಬಿಟ್ಟು ಬೇರೆ ಅಂಗಿ ಹಾಕಿಕೊಂಡು ಬಂದಿದ್ದ. ರಾತ್ರಿ ನಿದ್ದೆ ಮಾಡಿದ ಕಣ್ಣುಗಳಲ್ಲ. ಬಸ್ಸು ಗೇಟಿಗೆ ಬಂತು. ಡ್ರೈವರು ಒಳಗೆ ಬರಲಿಲ್ಲ, ಹಾರನ್ನು ಹೊಡೆದ, ಸ್ವಲ್ಪ ಹೊತ್ತು ನಿಂತ, ಮತ್ತೆ ಹೊಡೆದ. ಮೈಕಣ್ಣ ಕೈಚೀಲ ಎತ್ತಿಕೊಂಡು ಬಾಗಿಲ ತನಕ ಹೋದ. ಅಲ್ಲಿ ನಿಂತು ಒಮ್ಮೆ ಬಸ್ಸಿನ ಕಡೆ, ಒಮ್ಮೆ ಆಕಾಶದ ಕಡೆ ನೋಡಿದ. ವಾಪಸು ಬಂದು ಕೂತ.

ನನಗೆ ಎಲ್ಲಿತ್ತೋ ಕೋಪ. "ನಿನ್ನ ತಲೇಲಿ ಏನು ತುಂಬಿದೆ?" ಎಂದೆ. "ನಿನ್ನೆ ಹತ್ತಿದ್ರೆ ನಿನ್ನೆ ಸಂಜೇನೇ ಅಲ್ಲಿರ್ತಿದ್ದೆ. ಇಷ್ಟೊತ್ತಿಗೆ ಎಲ್ಲ ಮುಗಿದು ಅವಳು ಗಂಜಿ ಕುಡೀತಿರ್ತಿದ್ಲು."

"ಅದಕ್ಕೇ ಹೇಳ್ತಿರೋದು. ಈಗ ಬಸ್ಸು ಹತ್ತಿದ್ರೆ ಮತ್ತೆ ಸಂಜೆ ಆಗುತ್ತೆ. ವಿಮಾನ ಆದ್ರೆ ಇನ್ನು ಸ್ವಲ್ಪ ಹೊತ್ತಲ್ಲಿ."

ಲೆಕ್ಕ ಸರಿಯಾಗಿಯೇ ಇತ್ತು. ಅವನು ಲೆಕ್ಕ ಹಾಕಿದಾಗಲೆಲ್ಲ ವಿಮಾನವೇ ಗೆಲ್ಲುತ್ತಿತ್ತು.

ಮಧ್ಯಾಹ್ನದ ಹೊತ್ತಿಗೆ ನಿಜಕ್ಕೂ ಮಂಜು ಸರಿಯಿತು. ಜನರನ್ನು ತೂಗಿದ್ದಾಯಿತು, ಕೊನೆಗೆ ಮೈಕಣ್ಣ ತಾನೇ ಯಂತ್ರದ ಮೇಲೆ ನಿಂತು ತನ್ನ ತೂಕ ಬರೆದುಕೊಂಡ. ಎಲ್ಲರೂ ಹತ್ತಿದ ಮೇಲೆ ಅವನು ಹತ್ತಿದ. ಮೆಟ್ಟಿಲ ಮೇಲಿಂದ ತಿರುಗಿ ನನಗೆ ಕೈ ಎತ್ತಿದ. ಹೇಳಿದೆನಲ್ಲ, ನೋಡಿದಿರಾ ಎನ್ನುವ ಹಾಗಿತ್ತು ಮುಖ. ವಿಮಾನ ಓಡಿ, ಎದ್ದು, ಗುಡ್ಡದ ಕಡೆ ತಿರುಗಿತು. ನಾನು ಪಾತ್ರೆ ತೊಳೆಯಲು ಕೂತೆ, ಮನಸ್ಸು ಎಷ್ಟೋ ಹಗುರಾಗಿತ್ತು. ಬೈದಿದ್ದಕ್ಕೆ ಸ್ವಲ್ಪ ನಾಚಿಕೆಯೂ ಆಯಿತು.

ಇಷ್ಟು ವರ್ಷ ಇಲ್ಲಿದ್ದವರಿಗೆ ವಿಮಾನದ ಸದ್ದು ಕಣ್ಣು ಮುಚ್ಚಿದರೂ ಗೊತ್ತಾಗುತ್ತದೆ. ವಾಪಸು ಬರುವ ಹೊತ್ತು ಇನ್ನೂ ಆಗಿರಲಿಲ್ಲ, ಸದ್ದು ಕೇಳಿಸಿತು. ಬಾಗಿಲಿಗೆ ಬಂದು ನೋಡಿದರೆ ವಿಮಾನ ಇಳಿಯುತ್ತಿದೆ. ಅದೇ ಜನ, ಅದೇ ಸೂಟ್‌ಕೇಸುಗಳು, ಕೊನೆಯಲ್ಲಿ ಅದೇ ಕೈಚೀಲ ಹಿಡಿದ ಮೈಕಣ್ಣ. ಆಚೆ ಊರಿನ ಮೇಲೆ ಮೋಡ ಮುಚ್ಚಿಕೊಂಡಿತ್ತಂತೆ. ಸುತ್ತು ಹೊಡೆದು, ಸುತ್ತು ಹೊಡೆದು, ಇಳಿಯಲು ಸಂದು ಸಿಗದೆ ಪೈಲಟ್ಟು ತಿರುಗಿಸಿಕೊಂಡು ಬಂದಿದ್ದ.

ಜನ ರೇಗಾಡತೊಡಗಿದರು. ಮ್ಯಾನೇಜರು ಬಾಗಿಲು ಹಾಕಿಕೊಂಡು ಒಳಗೆ ಕೂತುಬಿಟ್ಟ. ಜನರೆಲ್ಲ ಮೈಕಣ್ಣನ ಮುಖ ನೋಡಿದರು, ಅವರಿಗೆ ಗೊತ್ತಿದ್ದ ಮುಖ ಅದೊಂದೇ. ಅವನು ಕೈಚೀಲ ಕೆಳಗಿಡದೆಯೇ ಮೈಕಿನ ಹತ್ತಿರ ಹೋದ. "ಪ್ರಯಾಣಿಕರ ಗಮನಕ್ಕೆ," ಎಂದ. "ಮುಂದಿನ ಮಾಹಿತಿಯನ್ನು ಇನ್ನೊಂದು," ಎಂದವನು ಅಲ್ಲಿಗೇ ನಿಲ್ಲಿಸಿದ. ಮೈಕು ಚಾಲೂ ಇತ್ತು. ಹಜಾರದ ತುಂಬ ಅವನು ಉಗುಳು ನುಂಗಿದ್ದು ಕೇಳಿಸಿತು. ಆಮೇಲೆ ಮೈಕು ಆರಿಸಿ, ನನ್ನ ಕ್ಯಾಂಟೀನಿನ ಹಿಂದೆ ಖಾಲಿ ಹಾಲಿನ ಕ್ರೇಟುಗಳ ಮೇಲೆ ಹೋಗಿ ಕೂತ. ನಾನು ಹತ್ತಿರ ಹೋಗಲಿಲ್ಲ.

ಮೂರನೆಯ ದಿನ ಬಸ್ಸು ಗೇಟಿಗೆ ಬರುವ ಮೊದಲೇ ಅವನು ರಸ್ತೆಯಲ್ಲಿ ನಿಂತಿದ್ದ. ಡ್ರೈವರು ಮುಂದಿನ ಸೀಟು ಬಿಡಿಸಿಕೊಟ್ಟ. ಹೇಳಿದಂತೆ ದೀಪ ಹಚ್ಚುವ ಹೊತ್ತಿಗೆ ಆಸ್ಪತ್ರೆಯ ಬಾಗಿಲಲ್ಲಿ ಇಳಿಸಿದ.

ಅಷ್ಟರಲ್ಲಿ ಎಲ್ಲ ಮುಗಿದಿತ್ತು. ಅಂದು ಬೆಳಗಿನ ಜಾವ ಜ್ವರ ತಲೆಗೇರಿ ಅಕ್ಕನಿಗೆ ಎಚ್ಚರ ತಪ್ಪಿತಂತೆ, ಮಗಳೇ ಸಹಿ ಹಾಕಿದಳಂತೆ. ಎರಡು ಬೆರಳಿನಲ್ಲಿ ಮುಗಿಯಬೇಕಾದದ್ದು ಮೊಣಕಾಲಿನ ಕೆಳಗಿನ ತನಕ ಹೋಗಿತ್ತು. ಬಲಗಾಲು. ಮಷಿನ್ ತುಳಿಯುವ ಕಾಲು.

ಇದೆಲ್ಲ ನನಗೆ ಹೇಗೆ ಗೊತ್ತೆಂದರೆ, ತಿಂಗಳ ಮೇಲೆ ಅಕ್ಕನ ಮಗಳು ನಮ್ಮ ಊರಿಗೆ ಏನೋ ಕೆಲಸಕ್ಕೆ ಬಂದವಳು ನನ್ನ ಕ್ಯಾಂಟೀನಿನಲ್ಲಿ ಕೂತು ಹೇಳಿದಳು. ಮಾವನೆದುರು ಹೇಳದ ಒಂದು ಮಾತನ್ನೂ ಹೇಳಿದಳು. ಎರಡನೆಯ ದಿನ ಮಧ್ಯಾಹ್ನ ಆಸ್ಪತ್ರೆಯ ಮೇಲೆ ವಿಮಾನದ ಸದ್ದು ಕೇಳಿಸಿತಂತೆ. ಮಲಗಿದ್ದ ಅಕ್ಕ ಎದ್ದು ಕೂತಳಂತೆ. "ಬಂದ ನೋಡು. ಡಾಕ್ಟ್ರನ್ನ ಕರಿ" ಎಂದಳಂತೆ. ಮಗಳ ಕೈಯಲ್ಲಿ ತಲೆ ಬಾಚಿಸಿಕೊಂಡು, ಕಾಲಿನ ಮೇಲೆ ಹೊದಿಕೆ ಎಳೆದುಕೊಂಡು, ಪಕ್ಕದ ರೋಗಿಯ ಕಡೆಯವರಿಂದ ಒಂದು ಕುರ್ಚಿ ಕೇಳಿ ತರಿಸಿ ಮಂಚದ ಪಕ್ಕ ಹಾಕಿಸಿದಳಂತೆ. ಸದ್ದು ಮೇಲೆಯೇ ಸುತ್ತುತ್ತಿತ್ತು. ಹತ್ತಿರ ಬರುವುದು, ದೂರ ಹೋಗುವುದು, ಮತ್ತೆ ಹತ್ತಿರ ಬರುವುದು. ಆಮೇಲೆ ದೂರ ಹೋದದ್ದು ವಾಪಸು ಬರಲಿಲ್ಲ.

"ಅಮ್ಮ ಆಗ ಏನೂ ಅನ್ನಲಿಲ್ಲ," ಎಂದಳು ಆ ಹುಡುಗಿ. "ಕುರ್ಚಿ ವಾಪಸ್ ಕೊಟ್ಬಿಡು ಅಂದ್ಳು ಅಷ್ಟೇ."

ಅವಳಿಗೆ ಟೀ ಕೊಟ್ಟೆ. ಇದನ್ನು ಮಾವನಿಗೆ ಹೇಳಬೇಡವೆಂದು ಅವಳಿಂದ ಮಾತು ತೆಗೆದುಕೊಂಡೆ. ಆದರೂ ಅವನಿಗೆ ಗೊತ್ತಿರಬೇಕು. ಮೇಲೆ ಸುತ್ತುತ್ತಿದ್ದವನು ಅವನೇ ತಾನೆ. ಕೆಳಗೆ ಯಾರು ಕಿವಿಗೊಟ್ಟು ಕೂತಿರುತ್ತಾರೆಂದು ಅವನಿಗೆ ಬೇರೆ ಯಾರೂ ಹೇಳಬೇಕಿರಲಿಲ್ಲ.

ಆಸ್ಪತ್ರೆಯಲ್ಲಿ ಅಕ್ಕ ಕಣ್ಣು ಬಿಟ್ಟು ತಮ್ಮನನ್ನು ನೋಡಿದಾಗ "ಬಂದ್ಯಾ. ಊಟ ಆಯ್ತಾ?" ಎಂದಳಂತೆ. ಬೈಯಲಿಲ್ಲ. ಬೈದಿದ್ದರೆ ಅವನಿಗೆ ಉಪಕಾರವಾಗುತ್ತಿತ್ತು.

ಮೈಕಣ್ಣ ಹದಿನೈದು ದಿನ ಬಿಟ್ಟು ಕೆಲಸಕ್ಕೆ ಬಂದ. ಮೈಕು ಹಿಡಿದ. ಗಂಟಲೇನೂ ಕೆಟ್ಟಿರಲಿಲ್ಲ. ಆದರೆ ಮಂಜು ಬಿದ್ದ ದಿನ, ಮೈಕಿನಲ್ಲಿ ಹೇಳಬೇಕಾದದ್ದನ್ನು ಹೇಳಿ ಮುಗಿಸಿ, ಕುರ್ಚಿಗಳ ಸಾಲಿನ ನಡುವೆ ಹೋಗಿ ಒಬ್ಬೊಬ್ಬರ ಹತ್ತಿರ ಬಗ್ಗಿ, "ಅರ್ಜೆಂಟಿದ್ರೆ ಬಸ್ಸು ಹತ್ತಿ. ನನ್ನ ಮಾತು ಕೇಳ್ಕೊಂಡು ಕೂರಬೇಡಿ" ಎನ್ನತೊಡಗಿದ. ಮ್ಯಾನೇಜರು ಕರೆದು ತರಾಟೆಗೆ ತೆಗೆದುಕೊಂಡ. ಇವನು ಹೂಂ ಎಂದು ತಲೆಯಾಡಿಸಿ ಬಂದು ಮತ್ತೆ ಅದನ್ನೇ ಮಾಡಿದ. ಕೆಲವರು ಎದ್ದು ಹೋದರು, ಹೆಚ್ಚಿನವರು ಅವನಿಗೇನೋ ತಲೆ ಕೆಟ್ಟಿದೆ ಎಂದು ನಕ್ಕು ಕೂತೇ ಇದ್ದರು.

ಅಕ್ಕನ ಮನೆಗೆ ಈಗ ತಿಂಗಳಿಗೊಮ್ಮೆ ಹೋಗತೊಡಗಿದ, ಬಸ್ಸಿನಲ್ಲೇ. ಆ ಪಾಸನ್ನು ಮತ್ತೆ ಮುಟ್ಟಲಿಲ್ಲ. ಜೇಬಿನಲ್ಲಿ ಪ್ಲಾಸ್ಟಿಕ್ ಚೀಲ, ಬಾಯಲ್ಲಿ ಶುಂಠಿ. ಹೋಗಿ ಬಂದ ಮರುದಿನ ಹಿಂಡಿ ಹಾಕಿದ ಬಟ್ಟೆಯ ಹಾಗೆ ಬಂದು ನನ್ನ ಕೌಂಟರಿಗೆ ಒರಗುತ್ತಿದ್ದ. "ಹೇಗಿದಾಳೆ?" ಎಂದರೆ "ಚೆನ್ನಾಗಿದಾಳೆ" ಎನ್ನುತ್ತಿದ್ದ. ಅವಳು ಮರದ ಕಾಲು ಹಾಕಿಸಿಕೊಂಡಳು. ಮಷಿನ್‌ಗೆ ಮೋಟರು ಹಾಕಿಸಿಕೊಂಡಳಾದರೂ ಅದರ ಓಟ ಅವಳ ಕೈಗೆ ಒಗ್ಗಲಿಲ್ಲ, ಹೊಲಿಗೆ ಸೊಟ್ಟಗಾಗುತ್ತಿತ್ತಂತೆ. ಇವನ ಅಂಗಿಗಳು ಬರುವುದು ನಿಂತಿತು. ವಿಮಾನ ಇಳಿದಾಗ ಬರುತ್ತಿದ್ದ ಫೋನೂ ನಿಂತಿತು. ಇವನೇ ರಾತ್ರಿ ಮಾಡುತ್ತಿದ್ದ. ಅವಳು ಎಲ್ಲದಕ್ಕೂ ಉತ್ತರ ಕೊಡುತ್ತಿದ್ದಳು, ಚೆನ್ನಾಗಿಯೇ ಮಾತಾಡುತ್ತಿದ್ದಳು.

ಹೀಗೆ ಒಂದು ವರ್ಷ ಆಗಿರಬೇಕು. ಒಂದು ಮಧ್ಯಾಹ್ನ, ಜನರೆಲ್ಲ ಹೋದ ಮೇಲೆ, ಅವನು ನನ್ನಲ್ಲಿ ಟೀ ಕುಡಿಯುತ್ತಿದ್ದಾಗ ಅವಳ ಫೋನು ಬಂತು. ಅವಳಾಗಿಯೇ ಮಾಡಿದ್ದಳು. ಮೈಕಣ್ಣನ ಮುಖ ಅರಳಿದ್ದನ್ನು ನಾನು ನೋಡಿದೆ.

"ಏನಕ್ಕ?"

"ಏನಿಲ್ಲ ಕಣೋ. ಒಂದು ವಿಷಯ ಹೇಳೋಣ ಅಂತ. ಅಂಗಡಿ ಕೊಟ್ಬಿಟ್ಟೆ. ಮಷಿನ್‌ಗಳನ್ನೂ ಅದರ ಜೊತೇಲೇ ಕೊಟ್ಟೆ. ಪುಟ್ಟಿ ಜೊತೆ ಅವಳ ಊರಿಗೆ ಬಂದಿದೀನಿ. ಮೊನ್ನೇನೇ ಬಂದ್ವಿ."

ಅವನು ಲೋಟವನ್ನು ಕೌಂಟರಿನ ಮೇಲಿಟ್ಟ. ಪುಟ್ಟಿಯ ಊರೆಂದರೆ ಇನ್ನೂ ದೂರ. ನಮ್ಮ ವಿಮಾನ ಹೋಗುವ ಊರಲ್ಲ, ನಮ್ಮ ಬಸ್ಸು ಹೋಗುವ ಊರೂ ಅಲ್ಲ.

"ಅಂಗಡಿ ಕೊಟ್ಯಾ? ಕಾಗದ ಎಲ್ಲ?"

"ಎಲ್ಲ ಆಯ್ತು. ಸಹಿ ಹಾಕ್ದೆ. ಸರಿಯಾಗೇ ಇದೆ, ಪುಟ್ಟಿ ಓದಿದಾಳೆ."

ಆಮೇಲೆ ಮೈಕಣ್ಣ ಕೇಳಿದ. ಆ ತುಂಬು ಗಂಟಲು ಎಲ್ಲಿ ಹೋಗಿತ್ತೋ, ಪಕ್ಕದಲ್ಲಿದ್ದ ನನಗೇ ಸರಿಯಾಗಿ ಕೇಳಿಸಲಿಲ್ಲ.

"ನನ್ನ ಯಾಕೆ ಕರೀಲಿಲ್ಲಕ್ಕ?"

"ಕರೀಬೇಕು ಅಂತಾನೇ ಇದ್ದೆ ಕಣೋ," ಎಂದಳು. ಸ್ವರದಲ್ಲಿ ಸಿಟ್ಟಿರಲಿಲ್ಲ, ಮುನಿಸಿರಲಿಲ್ಲ, ಚಿಕ್ಕ ಹುಡುಗನಿಗೆ ಸಮಾಧಾನ ಹೇಳುವ ಹಾಗಿತ್ತು. "ಆದ್ರೆ ಕರೆದ್ರೆ ಕಾಯ್ಬೇಕಾಗುತ್ತಲ್ಲ. ನಂಗೆ ಇನ್ನು ಕಾಯೋಕಾಗಲ್ಲಪ್ಪ."

ನನಗೆ ಆ ಹೆಂಗಸಿನ ಮೇಲೆ ಸಿಟ್ಟು ಬಂತು. ಆಮೇಲೆ ಎಷ್ಟು ಯೋಚಿಸಿದರೂ ಸಿಟ್ಟು ಮಾಡುವುದಕ್ಕೆ ಒಂದು ಕಾರಣವೂ ಸಿಗಲಿಲ್ಲ. ಮೈಕಣ್ಣ "ಸರಿ ಅಕ್ಕ, ಒಳ್ಳೇದಾಯ್ತು" ಎಂದು ಫೋನು ಜೇಬಿಗಿಟ್ಟುಕೊಂಡ. ಟೀ ಆರಿತ್ತು, ಬೇರೆ ಕೊಡಲಾ ಎಂದು ಕೇಳಿದೆ. ಬೇಡ ಎಂದು, ಅದನ್ನೇ ಕುಡಿದು, ಲೋಟ ತಾನೇ ತೊಳೆದಿಟ್ಟು ಹೋದ.